ವೈಕುಂಠಣ್ಣನೂ ಮಸಿ ತಗಡೂ

ನನ್ನ ಅಣ್ಣ ವೈಕುಂಠ ಐತಾಳ ಒಂದು ಕಡೆ ಕೂತವನಲ್ಲ. ಎಲೆ ಹಾಕಿ ಕರೆದರೂ ಅಂಗಳಕ್ಕೆ ಹೋಗಿ ಆಕಾಶ ನೋಡಿಯೇ ಬರುತ್ತಿದ್ದ. ಅಮ್ಮ ಬೈದೂ ಬೈದೂ ಸೋತಿದ್ದಳು. ಕೋಟದ ಪೂಜೆಯವರ ಮನೆಯಲ್ಲಿ ಹುಟ್ಟಿ ಪುಣೆಯ ಹವಾಮಾನ ಕಚೇರಿ ಸೇರಿದ ಪುಣ್ಯಾತ್ಮ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ ಆ ಕಚೇರಿಯವರು ಕುಂದಾಪುರದ ಬಯಲಿನಲ್ಲಿ ಡೇರೆ ಹಾಕಿದರು. ಮೇಲಿನ ಗಾಳಿಯ ಬಿಸಿ ಅಳೆಯುವ ಎರಡು ಯಂತ್ರಗಳನ್ನು ಒಂದೇ ಬಲೂನಿಗೆ ಕಟ್ಟಿ, ಯಾವುದು ಎಷ್ಟು ಸರಿ ಎಂದು ನೋಡುವ ಕೆಲಸ. ಹಳೆಯದರೊಳಗೆ ಮಸಿ ಹಿಡಿಸಿದ ತಗಡು. ಸೂಜಿ ಅದರ ಮೇಲೆ ಗೆರೆ ಎಳೆಯುತ್ತದೆ. ಬಲೂನು ಒಡೆದು ಕೆಳಗೆ ಬಿದ್ದ ಯಂತ್ರ ಕೈಗೆ ಸಿಕ್ಕರೆ ಮಾತ್ರ ಆ ಗೆರೆ ಓದಬಹುದು. ಹೊಸದು ಹಾರುತ್ತಲೇ ರೇಡಿಯೋದಲ್ಲಿ ಅಂಕೆ ಕಳಿಸುತ್ತದೆ. ಅದು ಅಣ್ಣ ತನ್ನ ಕೈಯಾರೆ ಮಾಡಿದ ಮಾದರಿ. ಬಿಸಿಲಿಗೆ ಅದು ಇಲ್ಲದ ಬಿಸಿ ತೋರಿಸುತ್ತದೆಂದು ಮೇಲಧಿಕಾರಿಗೆ ಗುಮಾನಿ. ಹಿಂದಿನ ಬಲೂನುಗಳೆಲ್ಲ ಕಡಲು ಪಾಲಾಗಿ, ಉಳಿದದ್ದು ಇದೊಂದೇ ಬಲೂನು. ಗೆರೆಗೂ ಅಂಕೆಗೂ ತಾಳೆಯಾದರೆ ಅಣ್ಣನ ಮಾದರಿ ಉಳಿಯುತ್ತದೆ.

ಬಲೂನು ಮೂಡು ದಿಕ್ಕಿಗೆ ಹೋಯಿತು. ರೇಡಿಯೋ ಅಂಕೆಗಳು ಬಂದವು, ಅಣ್ಣನಿಗೆ ಬಾಯಿಪಾಠವೂ ಆದವು. ಆದರೆ ಹಳೆಯ ಯಂತ್ರ ಎಲ್ಲಿ ಬಿತ್ತೋ. ನನ್ನನ್ನೂ ಎಳೆದುಕೊಂಡು ಗುಲ್ವಾಡಿಯ ಹೊಳೆಬದಿಯಿಂದ ಹಿಡಿದು ಸುತ್ತಮುತ್ತಲ ಗದ್ದೆಗಳನ್ನೆಲ್ಲ ಸುತ್ತಿದ. ನಿದ್ದೆಯಿಲ್ಲ, ಸರಿಯಾಗಿ ಊಟವಿಲ್ಲ. ನನಗೆ ರೇಗಿಹೋಗಿತ್ತು. ಕೊನೆಗೆ ಕೊಕ್ಕರ್ಣೆಯಲ್ಲಿ, ಊರ ಜಮೀನುದಾರರಾದ ಗುತ್ತಿನ ಮನೆಯ ರಾಜೀವಿಯ ಬಳಿ ಎಂಥದೋ ಪೆಟ್ಟಿಗೆ ಇದೆ ಎಂದು ಯಾರೋ ಹೇಳಿದರು.

“ಹ್ವಾಯ್, ಬನ್ನಿ ಐತಾಳ್ರೆ, ಕೂಕಣಿ,” ಎಂದು ರಾಜೀವಿ ಬೆಲ್ಲ, ನೀರು ಕೊಟ್ಟಳು. “ಗದ್ದಿಯಲ್ ಬಿದ್ದಿತ್ತ್. ಜೋಪಾನ ಇಡಿ ಅಂದೇಳಿ ಚೀಟಿ ಇತ್ತಲೆ, ದೇವ್ರ್ ಕೋಣೆಯಲ್ ಇಟ್ಟಿದೆ.”

ಮಡಿಸಿದ ಬಟ್ಟೆ ಬಿಚ್ಚಿದಳು. ತಗಡು ಫಳಫಳ ಹೊಳೆಯುತ್ತಿತ್ತು.

“ಒಳ್ಗೆ ಪೂರಾ ಮಸಿ, ಕಾಣಿ. ಹಾಂಗೇ ಕೊಡುಕೆ ಮನ್ಸ್ ಬರ್ಲಿಲ್ಲೆ. ಹುಣ್ಸಿಹಣ್ಣ್, ಬೂದಿ ಹಾಕಿ ತಿಕ್ಕಿದೆ. ಸರಿ ಆಯ್ತಾ?”

ಆ ಚೀಟಿ ಬರೆದವನು ಅಣ್ಣನೇ. ಮಸಿ ಒರೆಸಬೇಡಿ ಎಂದು ಬರೆಯಬೇಕೆಂದು ಯಾರಿಗೆ ಹೊಳೆದೀತು?

“ಲಾಯ್ಕ್ ಆಯ್ತ್, ರಾಜೀವಕ್ಕ,” ಎಂದ ಅಣ್ಣ. ಬೆಲ್ಲ ಅವನ ಕೈಯಲ್ಲೇ ಕರಗುತ್ತಿತ್ತು.

ದಾರಿಯಲ್ಲಿ ನಾನೇ ಉಪಾಯ ಹೇಳಿದೆ. “ದೀಪಕ್ಕ್ ಹಿಡ್ದ್ ಮತ್ತೆ ಮಸಿ ಮಾಡು ಅಣ್ಣ. ಅಂಕೆ ನಿನ್ನ್ ಬಾಯಲ್ಲೇ ಇತ್ತಲೆ. ಅದ್ಕ್ ಸಮಾ ಗೆರೆ ಎಳಿ. ಯಾರಿಗ್ ಗೊತ್ತಾತ್ತ್?”

ಅಣ್ಣ ನಿಂತ. “ಹಾಂಗಾರೆ ಯಂತ್ರ ಸರಿಯಾ ಅಂದೇಳಿ ನಂಗ್ ಗೊತ್ತಾಪ್ದ್ ಹ್ಯಾಂಗೆ?”

ಡೇರೆಯಲ್ಲಿ ಮೇಲಧಿಕಾರಿ ತಗಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೆಟ್ಟ ಮನುಷ್ಯನೇನಲ್ಲ. “ನಿನ್ನ ಯಂತ್ರದ ಅಂಕೆ ಸರಿಯೆಂದು ನೀನು ಹೇಳಿದರೆ ನಂಬುತ್ತೇನೆ,” ಎಂದರು. ಹೌದು ಅಂತ ಹೇಳು, ಒಂದು ಸಲ ಹೇಳು ಎಂದು ನಾನು ಬಾಗಿಲಲ್ಲಿ ನಿಂತು ಒಳಗೊಳಗೇ ಒದ್ದಾಡಿದೆ.

“ಗೊತ್ತಿಲ್ಲ ಸಾರ್,” ಎಂದ ಅಣ್ಣ.

ಕಚೇರಿಯಲ್ಲಿ ಅವನು ಮತ್ತೂ ಬಹಳ ವರ್ಷ ಇದ್ದ, ಬೇರೆಯವರು ಮಾಡಿದ ಯಂತ್ರ ರಿಪೇರಿ ಮಾಡುತ್ತ. ಡೇರೆಯಲ್ಲಿ ಉಳಿದಿದ್ದ ಅವನ ಮಾದರಿಯ ಯಂತ್ರಗಳನ್ನು ಅವತ್ತೇ ಮರದ ಪೆಟ್ಟಿಗೆಗೆ ತುಂಬಿದರು. ಮುಚ್ಚಳಕ್ಕೆ ಮೊಳೆ ಹೊಡೆದವನೂ ಅಣ್ಣನೇ.