ಉರಿಯದ ಬಲ್ಬು

ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಮಧುವನಹಳ್ಳಿಯ ನಮ್ಮ ಮನೆಗೆ ಎಳೆಸಿದ ವೈರು ಅದು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಮೇಲಿನ ರಬ್ಬರು ಪುಡಿಯಾಗಿ ಉದುರುತ್ತಿತ್ತು, ಉಳಿದದ್ದನ್ನು ಇಲಿಗಳು ಕಡಿದಿದ್ದವು. ಒಂದು ಸಂಜೆ ಅಜ್ಜಿಯ ಕೋಣೆಯ ಬಲ್ಬು ಮಾತ್ರ ಹತ್ತಲಿಲ್ಲ.

ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ. ಬೆಳಕು, ನೆರಳು ಇಷ್ಟೇ ಗೊತ್ತಾಗುತ್ತಿತ್ತು. ಸಂಜೆ ತಾನೇ ತಡವಿ ಸ್ವಿಚ್ ಹಾಕಿ, ಬಲ್ಬಿಗೆ ಕೈಮುಗಿದು, ಅದರ ಕೆಳಗೆ ಕೂತು ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುತ್ತಿದ್ದಳು. ಆ ಬೆಳಕಲ್ಲಿ ಲಿಂಗ ಕಪ್ಪಗೆ ಒಂದಿಷ್ಟು ಕಾಣುತ್ತಿತ್ತಂತೆ. ದಿನವಿಡೀ ಅವಳು ಕಾಯುತ್ತಿದ್ದುದೇ ಅದಕ್ಕೆ. ಕತ್ತಲಾದ ಮೇಲೆ ಆ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ವೈರ್‌ಮನ್‌ನನ್ನು ಕರೆಸೋಣ ಎಂದೆ. ಅಪ್ಪ ಒಪ್ಪಲಿಲ್ಲ. ನಡುಮನೆ ತುಂಬ ರೇಷ್ಮೆಹುಳುವಿನ ತಟ್ಟೆಗಳು. ಹುಳು ಇರುವಾಗ ಹೊರಗಿನವರನ್ನು ಹೊಸ್ತಿಲು ದಾಟಲು ಬಿಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸೀಮೆಎಣ್ಣೆ ವಾಸನೆ ಹುಳುವಿಗೆ ಆಗದೆಂದು ಲಾಟೀನೂ ಬೇಡವೆಂದ. ರೇಷ್ಮೆಗೂಡು ಮಾರಿದ ಮಾರನೆಯ ದಿನವೇ ವೈರು ಹಾಕಿಸುತ್ತೇನೆ ಎಂದು ನನಗೆ ಮಾತು ಕೊಟ್ಟ. ಅಲ್ಲಿಯವರೆಗೆ ಅಜ್ಜಿಗೆ ಹೇಳಬೇಡ, ರಂಪ ಮಾಡುತ್ತಾಳೆ ಎಂದ.

ಅಜ್ಜಿ ಕೇಳಿದಾಗ ಅಪ್ಪ, "ಉರೀತಾ ಅದೆ ಕಣವ್ವ," ಎಂದ. ಅವಳು ನನ್ನ ಕಡೆ ತಿರುಗಿದಳು. ನಾನೂ ಹೂಂ ಎಂದೆ.

ಪಾಪ, ನಂಬಿದಳು. ಇದ್ದ ಚೂರು ಕಣ್ಣಿಗೂ ಇರುಳುಗುರುಡು ಹತ್ತಿತು ಎಂದುಕೊಂಡಳು. ಶಿವ ತನಗೆ ಮುಖ ತೋರಿಸಲು ಒಲ್ಲ ಎಂದು ಲಿಂಗವನ್ನು ಹೆಬ್ಬೆರಳಲ್ಲಿ ಸವರುತ್ತ ಅಳುತ್ತಿದ್ದಳು. ಗೂಡು ಬಿಡಿಸಿ ಕೊಳ್ಳೇಗಾಲಕ್ಕೆ ಸಾಗಿಸುವವರೆಗೆ ನಾನು ಹೇಗೋ ಹಲ್ಲುಕಚ್ಚಿಕೊಂಡಿದ್ದೆ.

ಗೂಡು ಮಾರಿ ಆಯಿತು. ಅಪ್ಪ ವೈರಿನ ಮಾತೇ ಎತ್ತಲಿಲ್ಲ. ನೆನಪಿಸಿದರೆ, ಅವಳೇ ಈಗ ಕೇಳುತ್ತಿಲ್ಲವಲ್ಲ, ಮುಂದಿನ ಬೆಳೆ ಆಗಲಿ ಎಂದ. ನನ್ನಪ್ಪ ಇಷ್ಟು ಸಣ್ಣವನಾದಾನು ಎಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ಆದರೂ ಅಜ್ಜಿಗೆ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಹೇಳಿದರೆ ನನ್ನ ಸುಳ್ಳೂ ಹೊರಗೆ ಬೀಳುತ್ತಿತ್ತು.

ಒಂದು ಸಂಜೆ ಅವಳ ಕೋಣೆಯಲ್ಲಿದ್ದ ಮೊರ ಹುಡುಕಲು, ಯೋಚನೆಯಿಲ್ಲದೆ ಲಾಟೀನು ಹಿಡಿದು ಒಳಗೆ ಹೋದೆ. ಅಜ್ಜಿಯ ಮುಖ ಲಾಟೀನಿನ ಜೊತೆಗೇ ತಿರುಗಿತು.

"ಇದು ಕಾಣ್ತದೆ," ಎಂದಳು. ಆಮೇಲೆ ನನ್ನ ಕಡೆ ಮುಖ ಮಾಡಿ, "ನಿಮ್ಮಪ್ಪನ್ ಮಾತು ಬುಡು. ನೀನೂ ಹೂಂ ಅಂದ್ಯಲ್ಲವ್ವ," ಎಂದಳು.

ನಾನು ಊಟ ಬಿಟ್ಟು ಹಟ ಹಿಡಿದೆ. ಎರಡೇ ದಿನದಲ್ಲಿ ಹೊಸ ವೈರು ಬಂತು. ಸ್ವಿಚ್ ಹಾಕಿ, "ಈಗ ನಿಜವಾಗ್ಲೂ ಉರೀತಾ ಅದೆ ಕಣಜ್ಜಿ," ಎಂದೆ. ಅಜ್ಜಿ ಬಲ್ಬಿನ ಕಡೆಗೇ ನೋಡುತ್ತಿದ್ದಳು. ಆದರೂ ಗೋಡೆ ಹಿಡಿದು ಜಗುಲಿಗೆ ಬಂದು, ಪಕ್ಕದ ಮನೆಯವಳನ್ನು ಕೂಗಿ ಕರೆದು, ತನ್ನ ಕೋಣೆಯಲ್ಲಿ ದೀಪ ಉರಿಯುತ್ತಿದೆಯೇ ನೋಡಿ ಹೇಳು ಎಂದು ಕೇಳಿದಳು.