ಇಸವಿ ನೋಡಿ ಅರ್ಥ ಬರೆಯುವ ಏಕನಾಥಮ್ಮ

ಬೆಳಗಿನ ಆರೂಕಾಲು. ಹೊಳಲ್ಕೆರೆ ತಾಲ್ಲೂಕು ಕಚೇರಿಯ ಬಾಗಿಲು ತೆರೆಯಲು ಇನ್ನೂ ಬಹಳ ಹೊತ್ತಿದೆ. ಕಾಂಪೌಂಡಿನ ಹೊರಗೆ ಏಕನಾಥಮ್ಮ ಆಗಲೇ ಮಡಚುವ ಮೇಜು ಬಿಚ್ಚಿ, ಹಳೆಯ ಕಾಗದವೊಂದನ್ನು ಎಳೆಬಿಸಿಲಿಗೆ ಓರೆ ಹಿಡಿದಿದ್ದಾರೆ. ಮಾಸಿದ ಶಾಯಿ ಈ ಬೆಳಕಿಗೇ ಕಾಣುವುದು. ಹೊತ್ತೇರಿದರೆ ಕಣ್ಣಿಗೆ ದಕ್ಕುವುದಿಲ್ಲ. ಮೂವತ್ತೊಂದು ವರ್ಷದಿಂದ ಇದೇ ಹೊತ್ತು, ಇದೇ ಜಾಗ. ಇವತ್ತು ಮಾತ್ರ ಒಂದೇ ಪದವನ್ನು ಮತ್ತೆ ಮತ್ತೆ ಓದುತ್ತಿದ್ದಾರೆ.

"ಕಣ್ಣಿಗೆ ನಿದ್ದೆ ಹತ್ತಿಲ್ಲ ಕಣ್ರಿ. ಒಂದು ಪದ ತಪ್ಪು ಬರ್ದೀನಿ. ಹನ್ನೊಂದಕ್ಕೆ ವಿಚಾರಣೆ ಐತೆ."

ಅರ್ಜಿ ಬರೆಯುವವರು ಇಲ್ಲಿ ಹತ್ತು ಜನ ಸಿಗುತ್ತಾರೆ. ನೂರು ವರ್ಷದ ಹಿಂದಿನ ಇಂಗ್ಲಿಷ್ ಹುಕುಂಗಳನ್ನು ಕನ್ನಡ ಮಾಡಿಕೊಡುವವರು ಇವರೊಬ್ಬರೇ. ಗಂಡ ನಡೆಸುತ್ತಿದ್ದ ಟೈಪಿಂಗ್ ಶಾಲೆ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಹಿಡಿದ ಕೆಲಸವಿದು. ದಿನಕ್ಕೆ ಮೂರು ಕಾಗದವಾದರೆ ಹೆಚ್ಚು. ಹಿರಿಯೂರು, ಹೊಸದುರ್ಗದಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ಪದದ ಅರ್ಥ ಕಾಲಕಾಲಕ್ಕೆ ಬದಲಾಗುತ್ತದೆ ಎಂದು ಅವರಿಗೆ ಯಾವ ಮೇಷ್ಟ್ರೂ ಹೇಳಿಕೊಟ್ಟಿಲ್ಲ, ಕಾಗದಗಳೇ ಕಲಿಸಿದವು. ಪ್ರತಿ ಪದದ ಮುಂದೆ ಇಸವಿ ಬರೆದ ನೋಟ್‌ಬುಕ್ಕು ಅವರ ಆಸ್ತಿ. ಆರುನೂರಕ್ಕೂ ಹೆಚ್ಚು ಪದ ಅದರಲ್ಲಿವೆ. ಹಳೇ ಸರ್ವೆ ಕಾಗದದ ಕೆಳಗೆ ‘ಕಂಪ್ಯೂಟರ್’ ಎಂದು ಸಹಿ ಇದ್ದದ್ದನ್ನು ಕಂಡು ವಕೀಲರ ಗುಮಾಸ್ತ ಕಲ್ಲೇಶ್ ನಕ್ಕಿದ್ದನಂತೆ: "ಅಕ್ಕಾ, ಆಗ್ಲೇ ಕಂಪ್ಯೂಟರ್ ಇತ್ತಾ?"

"ಇತ್ತಪ್ಪ. ಪೇಟ ಸುತ್ಕಂಡು, ಎಲೆಅಡಿಕೆ ಹಾಕ್ಕಂಡು ಕುಂತಿರ್ತಿತ್ತು. ಲೆಕ್ಕ ಮಾಡೋ ಗುಮಾಸ್ತನಿಗೆ ಆಗ ಹಂಗಂತಿದ್ರು."

ಇಷ್ಟು ಬಲ್ಲವರೇ ಎಡವಿದ್ದಾರೆ. ಬಿ.ದುರ್ಗದ ಕುರಿಗಾಹಿ ಜುಂಜಪ್ಪ ಹೋದ ವಾರ ತಂದದ್ದು ೧೯೧೩ರ ಹುಕುಂ. ಸುಗ್ಗಿಯಾದ ಮೇಲೆ ಕೆರೆ ಮೇಲಿನ ‘ಕಾರ್ನ್’ ಹೊಲಗಳಲ್ಲಿ ರಾತ್ರಿ ಕುರಿಮಂದೆ ತರುಬಿ ನಿಲ್ಲಿಸಬಹುದು ಎಂದು ಅದರಲ್ಲಿದೆ. ಏಕನಾಥಮ್ಮ ‘ಮೆಕ್ಕೆಜೋಳದ ಹೊಲ’ ಎಂದು ಬರೆದರು. ಬರೆದದ್ದನ್ನು ಕಾಗದ ತಂದವರಿಗೆ ಗಟ್ಟಿಯಾಗಿ ಓದಿ ಹೇಳಿಯೇ ಸಹಿ ಹಾಕುವುದು ಅವರ ಪದ್ಧತಿ. ಅವತ್ತು ಜುಂಜಪ್ಪನಿಗೆ ಬಸ್ಸಿನ ಅವಸರ, ಇವರ ಮುಂದೆ ನಾಲ್ಕು ಜನ. ಓದಲಿಲ್ಲ. ಆ ಅನುವಾದ ಕಚೇರಿಯ ಕಡತ ಸೇರಿತು. ಈಗ ಹೊಲದವರು ಅದನ್ನೇ ತೋರಿಸಿ ಪಟ್ಟು ಹಿಡಿದಿದ್ದಾರೆ: ನಮ್ಮದು ರಾಗಿ ಹೊಲ, ಇಲ್ಲಿ ಕುರಿ ಬಿಡೋ ಹಾಗಿಲ್ಲ. ನಿನ್ನೆ ಸಂಜೆ ಅದೇ ಕಾಲದ ಇನ್ನೊಂದು ಪತ್ರ ನೋಡುವಾಗ ಏಕನಾಥಮ್ಮನಿಗೆ ತಪ್ಪು ಗೊತ್ತಾಯಿತು. ರಾಗಿ, ನವಣೆ, ಸಾವೆ, ಎಲ್ಲಕ್ಕೂ ಅಲ್ಲಿ ‘ಕಾರ್ನ್’ ಎಂದೇ ಇತ್ತು.

ಎಂಟಕ್ಕೆ ಜುಂಜಪ್ಪ ಬರುತ್ತಾರೆ. "ಕುಂತ್ಕಳ್ರಿ" ಎಂದು ಏಕನಾಥಮ್ಮ ಅವತ್ತು ಓದದೆ ಬಿಟ್ಟದ್ದನ್ನು ಓದಿ ಹೇಳುತ್ತಾರೆ.

"ತಾಯೀ, ನಮ್ಮಜ್ಜನ ಕಾಲ್ದಾಗೆ ಮೆಕ್ಕೆಜೋಳ ಯಾವನು ಬಿತ್ತಿದ್ದ? ಅವತ್ತೇ ಕೇಳಿದ್ರೆ ಹೇಳ್ತಿದ್ನಲ್ಲ!"

"ಕೇಳ್ಬೇಕಿತ್ತು ಯಜಮಾನ್ರೇ. ತಪ್ಪು ನಂದು."

"ಇನ್ನೂರು ಕುರಿ ಎಲ್ಲಿಗೆ ಹೊಡ್ಕಂಡು ಹೋಗ್ಲಿ ನಾನು?"

ಏಕನಾಥಮ್ಮ ಅನುವಾದದ ಪ್ರತಿ ಎಳೆದುಕೊಳ್ಳುತ್ತಾರೆ. ‘ಧಾನ್ಯದ ಹೊಲ’ ಎಂದು ತಿದ್ದಿ, ತಪ್ಪು ತನ್ನದೆಂದು ಬರೆದು ಸಹಿ ಹಾಕುತ್ತಾರೆ. ಈ ಸಹಿ ಕಂಡ ಮೇಲೆ ಇವರು ಬರೆದ ಕಾಗದಗಳನ್ನೇ ಕಚೇರಿ ಮುಟ್ಟದಿದ್ದರೆ? ಆ ಭಯದಲ್ಲೇ ಹನ್ನೊಂದಕ್ಕೆ ವಿಚಾರಣೆಗೆ ಒಳಗೆ ಹೋಗುತ್ತಾರೆ.

"ಇದೊಂದು ತಪ್ಪು ಅಂದ್ರೆ, ನೀವು ಬರೆದ ಉಳಿದದ್ದನ್ನ ಹೇಗಮ್ಮ ನಂಬೋದು?" ಅಧಿಕಾರಿ ಕೇಳುತ್ತಾರೆ.

"ನಂಬ್‌ಬ್ಯಾಡ್ರಿ ಸಾರ್. ಆ ಇನ್ನೊಂದು ಪತ್ರಾನೂ ತಂದೀನಿ, ಎರಡೂ ಪಕ್ಕದಾಗೆ ಇಟ್ಕಂಡು ನೋಡ್ರಿ."

ಅಧಿಕಾರಿ ಎರಡನ್ನೂ ನೋಡುತ್ತಾರೆ. ತಿದ್ದುಪಡಿ ಕಡತಕ್ಕೆ ಸೇರುತ್ತದೆ. ತೀರ್ಪು ಮುಂದಿನ ವಾರಕ್ಕೆ. ಅಲ್ಲಿಯವರೆಗೆ ಮಂದೆಯನ್ನು ತಡೆಯಬಾರದು ಎಂದಷ್ಟೇ ಹೇಳಿ ಕಳಿಸುತ್ತಾರೆ. ಜುಂಜಪ್ಪ ಬಸ್ ಸ್ಟ್ಯಾಂಡಿನ ಕಡೆ ನಡೆಯುತ್ತಾರೆ.

ಅವರು ಹೋದ ದಾರಿಯನ್ನೇ ನೋಡುತ್ತಾ ಏಕನಾಥಮ್ಮ ನಿಲ್ಲುತ್ತಾರೆ. "ಇಷ್ಟು ವರ್ಷದಾಗೆ ನನ್ನ ತಪ್ಪು ಯಾರೂ ಹಿಡಿದಿಲ್ಲ ಅಂತ ಜನ ಹೊಗಳ್ತಾರೆ. ನಂಗೆ ಅದೇ ಭಯ ಕಣ್ರಿ. ಹಿಡಿದಿಲ್ಲ ಅಂದ್ರೆ ಆಗಿಲ್ಲ ಅಂತಲ್ಲ. ಪಕ್ಕದಾಗೆ ಇನ್ನೊಬ್ರು ಕುಂತು, ‘ಏಕನಾಥಮ್ಮ, ಇಲ್ಲಿ ತಪ್ಪೈತೆ’ ಅನ್ನಂಗಾದ್ರೆ ಸಾಕು, ನೆಮ್ಮದಿಯಾಗಿ ಮಲಗ್ತೀನಿ."