ಎಡ ಅಂಗೈಯ ಕೆಳಗೊಂದು ಕೈ

ಎಡಗೈ ಜೋಮು ಹಿಡಿಯಲು ಶುರುವಾದಾಗ ವಯಸ್ಸಾಯಿತಲ್ಲ ಎಂದುಕೊಂಡು ಸುಮ್ಮನಿದ್ದೆ. ಆಮೇಲೆ ಪೂಜೆಯಲ್ಲಿ ಲಿಂಗ ಹಿಡಿದ ಕೈ ನಡುಗತೊಡಗಿತು. ಗುಬ್ಬಿಯಲ್ಲಿ ಅಜ್ಜಿಯ ಶಿಸ್ತಿನಲ್ಲಿ ಬೆಳೆದವಳು ನಾನು. ಹೊತ್ತು ಹುಟ್ಟುವ ಮುಂಚೆ ಸ್ನಾನ, ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಬಲಗೈಯಿಂದ ಪೂಜೆ. ಮುಗಿಯುವ ತನಕ ಮಾತಾಡುವಂತಿಲ್ಲ. ತುಮಕೂರಿಗೆ ಬಂದು ಹೈಸ್ಕೂಲು ಟೀಚರಾಗಿ ನಿವೃತ್ತಳಾದರೂ ಆ ಕ್ರಮ ತಪ್ಪಿರಲಿಲ್ಲ. ಒಂದು ಬೆಳಿಗ್ಗೆ ಲಿಂಗ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ಬಿದ್ದದ್ದು ಕಣ್ಣಿಗೆ ಕಂಡಿತೇ ಹೊರತು ಕೈಗೆ ತಿಳಿಯಲಿಲ್ಲ. ಅಂದೇ ಆಸ್ಪತ್ರೆಗೆ ಹೋದೆ.

ಕತ್ತಿನ ಬುಡದಲ್ಲಿ ಹುಟ್ಟಿನಿಂದಲೇ ಒಂದು ಪಕ್ಕೆಲುಬು ಹೆಚ್ಚಿಗೆ ಇದೆಯಂತೆ. ಅದು ಕೈಯ ನರಗಳನ್ನು ಒತ್ತುತ್ತಿದೆಯಂತೆ. ತೆಗೆದರೆ ಇನ್ನಷ್ಟು ಕೆಡುವುದು ನಿಲ್ಲುತ್ತದೆ, ಹೋದ ಸ್ಪರ್ಶ ಮರಳುತ್ತದೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ನನಗೆ ಬೇಕಾಗಿದ್ದದ್ದು ಆ ಸ್ಪರ್ಶವೇ. ಆದರೂ ಆಪರೇಷನ್ನಿಗೆ ಒಪ್ಪಿದೆ.

ತಯಾರಿಯನ್ನು ಪರೀಕ್ಷೆಗೆ ಕೂರುವವಳ ಹಾಗೆ ಮಾಡಿಕೊಂಡೆ. ರವಿಕೆಗಳ ಎಡತೋಳಿನ ಹೊಲಿಗೆ ಬಿಚ್ಚಿ ಸಡಿಲ ಮಾಡಿದೆ. ಮೇಲಿನ ಕಪಾಟಿನ ಡಬ್ಬಿಗಳನ್ನೆಲ್ಲ ಕೆಳಗಿಳಿಸಿದೆ. ಒಂದೇ ಕೈಯಲ್ಲಿ ತುರುಬು ಕಟ್ಟಲು ಮಾತ್ರ ಬರಲಿಲ್ಲ. ಅದಕ್ಕೆಂದೇ ಕುಣಿಗಲ್ಲಿನಿಂದ ತಂಗಿಯನ್ನು ಕರೆಸಿದೆ. ಬಿಸಿಲೇರುವ ತನಕ ಏಳದವಳು ಅವಳು.

ಆಪರೇಷನ್ನಿನ ದಿನ ನರ್ಸು, ಲಿಂಗವಿಟ್ಟು ಕತ್ತಿಗೆ ಕಟ್ಟಿಕೊಂಡಿದ್ದ ಬೆಳ್ಳಿ ಕರಡಿಗೆ ನೋಡಿ, ಕತ್ತಿನಲ್ಲಿ ಏನೂ ಇರಬಾರದು ಎಂದಳು. ತಂಗಿ ಲಿಂಗ ತಾನಿಟ್ಟುಕೊಂಡಿರುತ್ತೇನೆ ಎಂದು ಕೈ ಚಾಚಿದಳು. ಮೈಮೇಲಿನ ಲಿಂಗವನ್ನು ಇನ್ನೊಬ್ಬರ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಾನು ಕದಲಲಿಲ್ಲ. ನರ್ಸು ಒಳಗೆ ಹೋಗಿ ಕೇಳಿಕೊಂಡು ಬಂದಳು.

"ಬೆಳ್ಳಿ ಕರಡಿಗೆ ಬಿಚ್ಚಿಡಿ ಅಜ್ಜಿ. ಲಿಂಗಾನ ಬಟ್ಟೇಲಿ ಸುತ್ತಿ ಬಲತೋಳಿಗೆ ಕಟ್ತೀನಿ. ಬಿಪಿ ಪಟ್ಟಿ ಕಾಲಿಗೆ ಹಾಕಿದ್ರಾಯ್ತು ಬುಡಿ."

ಎಚ್ಚರವಾದಾಗ ಮೊದಲು ಬಲತೋಳು ನೋಡಿಕೊಂಡೆ. ಕಟ್ಟು ಹಾಗೆಯೇ ಇತ್ತು.

ಮನೆಗೆ ಬಂದ ಮೇಲೆ ಭುಜ ಎತ್ತಿದರೆ ಪ್ರಾಣ ಹೋದ ಹಾಗಾಗುತ್ತಿತ್ತು. ಮೂರು ಚೆಂಡಿನ ಪ್ಲಾಸ್ಟಿಕ್ ಉಪಕರಣವನ್ನು ಬಾಯಿಗಿಟ್ಟು ಚೆಂಡು ಮೇಲೇಳುವ ಹಾಗೆ ಉಸಿರೆಳೆಯಬೇಕಿತ್ತು. ಇದನ್ನು ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೆ. ಪೂಜೆಯದೇ ಕಷ್ಟ. ಬಲ ಅಂಗೈಯಲ್ಲೇ ಹಿಡಿ, ಶಿವ ಏನು ಬೈತಾನಾ ಎಂದಳು ತಂಗಿ. ನಾನು ಒಪ್ಪಲಿಲ್ಲ. ಕೊನೆಗೆ ಅವಳೇ ದಾರಿ ಹುಡುಕಿದಳು. ನನ್ನ ಮೊಣಕೈಗೆ ದಿಂಬು ಕೊಟ್ಟು, ಎಡ ಅಂಗೈಯ ಕೆಳಗೆ ತನ್ನ ಅಂಗೈ ಆನಿಸಿ ಕೂತಳು. ಅದಕ್ಕಾಗಿ ದಿನವೂ ನಸುಕಿಗೆ ಎದ್ದು, ಆಕಳಿಸುತ್ತಲೇ ಸ್ನಾನ ಮಾಡಿ ಬರುತ್ತಿದ್ದಳು. ಅವಳ ಕೈ ಕೆಳಗಿರುವುದು ನನಗೆ ಕಾಣುತ್ತಿತ್ತು, ತಿಳಿಯುತ್ತಿರಲಿಲ್ಲ.

ಗಾಯದ ಹೊಲಿಗೆ ಬಿಚ್ಚಿ ಬಹಳ ದಿನವಾದ ಮೇಲೆ ಒಂದು ಬೆಳಿಗ್ಗೆ, ಬಿಲ್ವಪತ್ರೆ ಏರಿಸುವ ಹೊತ್ತಿನಲ್ಲಿ, ಕಿರುಬೆರಳಿನ ಕಡೆ ಚುರುಕ್ಕೆಂದಿತು. ಬಾಯಿಂದ ಮಾತು ಬಂದೇಬಿಟ್ಟಿತು.

"ನಿನ್ ಕೈ ಯಾಕೇ ಇಷ್ಟು ತಣ್ಣಗಿದೆ?"

"ದಿನಾ ಹಿಂಗೇ ಇರುತ್ತೆ ಕಣಕ್ಕ. ತಣ್ಣೀರಲ್ಲಿ ಪೂಜೆ ಪಾತ್ರೆ ತೊಳ್ದೇ ಬರ್ತೀನಲ್ಲ." ಆಮೇಲೆ ಅವಳಿಗೂ ಹೊಳೆಯಿತು. ನನ್ನ ಮುಖ ನೋಡಿದಳು. "ಅಕ್ಕ, ಪೂಜೇಲಿ ಮಾತಾಡಿದ್ಯಲ್ಲೇ ನೀನು."

ಅವಳು ಮೆಲ್ಲಗೆ ಕೈಯನ್ನು ಕೆಳಗಿಳಿಸಿದಳು, ಪೂರ್ತಿ ತೆಗೆಯಲಿಲ್ಲ. ಲಿಂಗ ನನ್ನ ಅಂಗೈಯಲ್ಲೇ ನಿಂತಿತು. ಅದರ ಭಾರ ಇನ್ನೂ ಮಂದವಾಗಿತ್ತು. ಆದರೆ ಅಂಗೈಯಲ್ಲಿ ಉಳಿದಿದ್ದ ಅಭಿಷೇಕದ ನೀರು ಬೆರಳ ಸಂದಿಯಲ್ಲಿ ಇಳಿದದ್ದು ಕಣ್ಣು ಮುಚ್ಚಿದ್ದರೂ ತಿಳಿಯಿತು.

ಮಾರನೆಯ ದಿನ ತಂಗಿ ಬಿಸಿಲೇರುವ ತನಕ ಮಲಗಿದಳು. ನಾನು ಎಬ್ಬಿಸಲಿಲ್ಲ.